ಉಸಿರಿನ ಲೆಕ್ಕ

ಹಡರ್ಸ್‌ಫೀಲ್ಡಿನ ಇಳಿಜಾರು ಬೀದಿ, ಕೊನೆಯ ಮನೆ.
ಮುಂಬಾಗಿಲ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದು
ನಡುವೆ ಫ್ಯಾನು ಕೂರಿಸಿದ್ದೇನೆ.
ಗುಂಡಿ ಒತ್ತಿದೆನೋ,
ಮನೆ ಒಳಗಿನದನ್ನೆಲ್ಲ ಹೊರಗೆ ಊದಿ
ಹೊಟ್ಟೆ ಎಳೆದುಕೊಂಡು ನಿಂತಿತು,
ದರ್ಜಿಯ ಟೇಪಿನ ಮುಂದೆ ಮದುಮಗ ನಿಂತ ಹಾಗೆ.

ಗಂಟೆಗೆ ಸೊನ್ನೆ ಪಾಯಿಂಟ್ ಆರು ಸಲ,
ಅಷ್ಟೇ ಗಾಳಿಗೆ ಅಪ್ಪಣೆ.
ಮೀರಿದರೆ ಫಲಕವಿಲ್ಲ.
ಪರದೆಯ ಮೇಲೆ: ಸೊನ್ನೆ ಪಾಯಿಂಟ್ ಆರು ನಾಲ್ಕು.

'ಎಲ್ಲೋ ಬಾಯಿ ಬಿಟ್ಟಿದೆ' ಎಂದೆ.
ವೈರಿಂಗಿನ ಕೀರನ್ ಪ್ಲಂಬರನ ಕಡೆ ನೋಡಿದ,
ಪ್ಲಂಬರ್ ಸೂರಿನ ಕಡೆ.
ಹೊಗೆಕಡ್ಡಿ ಹಿಡಿದು ಮೂಲೆಮೂಲೆ ಸುತ್ತಿದೆವು
ದೃಷ್ಟಿ ತೆಗೆಯುವವರಂತೆ.
ಹೊಗೆ ನೆಟ್ಟಗೆ ನಿಂತಿತ್ತು, ಏನೂ ಗೊತ್ತಿಲ್ಲದ ಸಾಕ್ಷಿ.

ಗಾರೆ ಕೆಲಸದ ಹಲೀನಾ ಮಾತಾಡಲಿಲ್ಲ.
ಅಂಗೈಯ ಹಿಂಬದಿ ನೆಕ್ಕಿ, ಮೆಟ್ಟಿಲಡಿ ತೆವಳಿ
ಮೀಟರಿನ ಹಿಂದೆ ಕೈಯಿಟ್ಟಳು.
'ಇಲ್ಲಿ.'
ಕಿರುಬೆರಳು ತೂರುವಷ್ಟು ಸಂದು, ಕೇಬಲ್ಲಿನ ಪಕ್ಕ.
ಅದರಾಚೆ ಇಡೀ ಯಾರ್ಕ್‌ಷೈರಿನ ಫೆಬ್ರವರಿ.
ಕೀರನ್ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ.

ನೀಲಿ ಟೇಪು. ಹೆಬ್ಬೆರಳಿನ ಒತ್ತು.
ಸೊನ್ನೆ ಪಾಯಿಂಟ್ ಐದು ಒಂಬತ್ತು.
ಸಹಿ ಹಾಕಿದೆ.
ಫಲಕಕ್ಕೆ ಮೊಳೆ ಎಲ್ಲಿ ಹೊಡೆಯುವುದು?
ಹತ್ತು ನಿಮಿಷ ವಾದವಾಗಿ, ಯಾರಿಗೂ ಧೈರ್ಯ ಬಾರದೆ
ಅಂಟು ಹಚ್ಚಿ ಅಂಟಿಸಿದೆವು.

ಸಂಜೆ ಬೀಗದಕೈ ಪಡೆದ ಮಿಸೆಸ್ ಥ್ವೇಟ್
ಗೋಡೆ ತಟ್ಟಿದಳು, ಮೂಗು ಸುಕ್ಕಿಸಿದಳು,
'ಪೇಂಟ್ ವಾಸನೆ' ಎಂದವಳೇ
ಮೇಲಿನವು, ಕೆಳಗಿನವು, ಬಚ್ಚಲಿನದು,
ಕಿಟಕಿಗಳನ್ನೆಲ್ಲ ತೆರೆದಿಟ್ಟಳು.

ಫ್ಯಾನು ಆಗಲೇ ವ್ಯಾನಿನಲ್ಲಿತ್ತು.
ನಾನೂ ಅಲ್ಲೇ ನಿಂತು
ಸ್ವಲ್ಪ ಹೊತ್ತು ಉಸಿರಾಡಿದೆ, ಎಣಿಸದೆ.