ಎರಡು ಸಲ ಹನ್ನೊಂದು

ನಕ್ಷೆಯಲ್ಲಿ ಬೆಟ್ಟ ಇರಲಿಲ್ಲ.
ಇದ್ದದ್ದು ಒಂದು ಹಳದಿ ಗೆರೆ,
ಅದರ ಮೇಲೆ ಇರುವೆಯಂಥ ಎರಡು ಬಾಣ.
ಬಾಣದ ಅರ್ಥ ತೊಡೆಗೆ ತಿಳಿದದ್ದು
ದ್ರಾಕ್ಷಿಯ ಸಾಲು ಶುರುವಾದ ಮೇಲೆ.

ಆನ್ಸೆಲ್ಮ್ ಆಗಲೇ ಎರಡು ತಿರುವು ಮುಂದೆ.
ಅವನ ಕೆಂಪು ಅಂಗಿ ಒಮ್ಮೆ ಹೊತ್ತಿ
ಕಲ್ಲುಗೋಡೆಯ ಹಿಂದೆ ಆರಿತು.
ಇಪ್ಪತ್ತಾರು ವರ್ಷದ ಸಂಸಾರದಲ್ಲಿ
ಅವನ ಬೆನ್ನು ನನಗೆ ಮುಖಕ್ಕಿಂತ ಚೆನ್ನಾಗಿ ಗೊತ್ತು:
ಎಡಭುಜ ತುಸು ಇಳಿಜಾರು,
ಸಿಟ್ಟು ಬಂದರೆ ಕತ್ತು ಒಳಗೆ.
ಇವತ್ತು ಕತ್ತು ಒಳಗಿತ್ತು.

ಬೆಳಗಿನ ಜಗಳ ದೊಡ್ಡದೇನಲ್ಲ.
ಗಾಳಿ ಹೊಡೆಯುವ ಪಂಪು ಯಾರು ಮರೆತರು ಎಂಬುದು.
ನಾನೇ. ಇನ್ನೂ ಒಪ್ಪಿಕೊಂಡಿಲ್ಲ.

ಸಣ್ಣ ಗೇರು. ಅದಕ್ಕಿಂತ ಸಣ್ಣದು. ಇನ್ನು ಇಲ್ಲ.
ಚೈನು ಹಲ್ಲು ಕಡಿಯುತ್ತದೆ, ನಾನೂ.
ಇಬ್ಬದಿಗೆ ಬಳ್ಳಿಗಳು. ಬಳ್ಳಿಯೆನ್ನಲು ಬಾಯಿ ಬಾರದು,
ಮೊಣಕಾಲೆತ್ತರದ ಮುದಿ ಗಂಟುಗಳು,
ತಂತಿಗೆ ಕೈ ಕಟ್ಟಿಸಿಕೊಂಡು
ಸಾಲು ತಪ್ಪದೆ ಬೆಟ್ಟ ಹತ್ತುತ್ತವೆ.
ಅವಕ್ಕೆ ಏದುಸಿರಿಲ್ಲ.
ಕೆಲವು ಸಾಲಿನ ತುದಿಗೆ ಒಂದೊಂದು ಗುಲಾಬಿ ಗಿಡ:
ಬೂಷ್ಟು ಬರುವುದಾದರೆ ಮೊದಲು ಅದಕ್ಕೆ ಬರಲಿ ಎಂದು
ಹಿಂದಿನವರು ನೆಟ್ಟದ್ದು.
ಚೆಂದವೆಂದು ಫೋಟೋ ಹೊಡೆದುಕೊಂಡು ಹೋಗುವವರಿಗೆ
ಯಾರೂ ಹೇಳುವುದಿಲ್ಲ, ಆ ಹೂವಿನ ಕೆಲಸ
ಮೊದಲು ಕಾಯಿಲೆ ಬೀಳುವುದು ಎಂದು.

ಇಳಿದೆ. ಹೌದು, ಇಳಿದು ತಳ್ಳಿದೆ.
ಐವತ್ತೆಂಟಕ್ಕೆ ನಾಚಿಕೆಯೂ ಒಂದು ಲಗೇಜು.
ಅದನ್ನು ಚೀಲದಿಂದ ತೆಗೆದು
ಸುಣ್ಣಕಲ್ಲಿನ ಮೋಟುಗೋಡೆಯ ಮೇಲೆ ಇಟ್ಟು ಬಂದೆ.
ಹಲ್ಲಿಯೊಂದು ಅದರ ಪಕ್ಕ ಬಿಸಿಲು ಕಾಯಿಸುತ್ತಿತ್ತು.

ಎದುರಿಗೊಂದು ಟ್ರಾಕ್ಟರು, ಬಳ್ಳಿಸಾಲಿನ ಆಚೀಚೆ
ಕಾಲಗಲಿಸಿ ನಡೆಯುವ ಕೊಕ್ಕರೆಯಂಥದು.
ಮೇಲೆ ಕೂತ ಹುಡುಗಿ, ಕಿವಿಗೆ ಹಳದಿ ಮುಚ್ಚಳ,
ಎರಡು ಬೆರಳೆತ್ತಿ ತೋರಿಸಿದಳು:
ಇನ್ನೆರಡೇ ತಿರುವು ಎಂದೋ,
ಎರಡು ಕಿಲೋಮೀಟರ್ ಎಂದೋ.
ಎರಡೂ ಸುಳ್ಳಾಯಿತು.

ಶಾಂವೆರ್ನೆ ಊರು ಹಿಂಬದಿಯಿಂದ ಶುರುವಾಗುತ್ತದೆ:
ಸೌದೆ ರಾಶಿ, ಕೋಳಿಗೂಡು, ಮುಚ್ಚಿದ ಬೇಕರಿ,
ಬೇಕರಿಯ ಬಾಗಿಲಲ್ಲಿ ಬ್ರೆಡ್ಡಿನ ಯಂತ್ರ.
ಕಾಸು ನುಂಗಿ, ಕೆಮ್ಮಿ, ಮೊಳದುದ್ದದ ಬ್ರೆಡ್ಡು ಉಗುಳಿತು.
ಇಗರ್ಜಿಯ ಕಮಾನಿನಲ್ಲಿ ತಿಂಗಳಿಗೊಬ್ಬ ಕಲ್ಲಿನ ಆಳು.
ಮಾರ್ಚಿಯವನು ಎಂಟುನೂರು ವರ್ಷದಿಂದ
ಅದೇ ಒಂದು ಬಳ್ಳಿ ಸವರುತ್ತಿದ್ದಾನೆ;
ಮೂಗು ಸವೆದಿದೆ, ಕುಡುಗೋಲು ಸವೆದಿಲ್ಲ.
ಯುದ್ಧದಲ್ಲಿ ಮಡಿದವರ ಕಂಬದ ಮೇಲೆ ಹದಿನಾಲ್ಕು ಹೆಸರು,
ಮೂರು ಒಂದೇ ಮನೆಯವು.
ಬುತಿಯೆ, ಬುತಿಯೆ, ಬುತಿಯೆ.
ಅಲ್ಲಿ ಏದುಸಿರು ಬಿಡುವುದು ಸರಿಕಾಣದೆ
ಬಾಯಿ ಮುಚ್ಚಿ ದಾಟಿದೆ.

ಹಿಂದೆ ಊರವರೆಲ್ಲ ಬಟ್ಟೆ ಒಗೆಯುತ್ತಿದ್ದ ಕಲ್ಲುಕೊಳ,
ಅದರ ಮಾಡಿನಡಿ ಆನ್ಸೆಲ್ಮ್
ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ.
ಪಕ್ಕದಲ್ಲೊಬ್ಬಳು ಮುದುಕಿ, ಬೀನ್ಸು ಸೋಸುತ್ತ.
“ಹನ್ನೊಂದು ಹೊಡೆದಾಯಿತು,” ಅಂದ, ತಿರುಗದೆ.

ಅಷ್ಟರಲ್ಲಿ ಗೋಪುರದ ಗಂಟೆ ಮತ್ತೆ ಎದ್ದಿತು.
ಒಂದು. ಎರಡು.
ನಾನು ಅವನ ಮುಖ ನೋಡಿದೆ. ಅವನು ಮುದುಕಿಯ ಮುಖ.

“ಇಲ್ಲಿ ಎರಡು ಸಲ ಹೊಡೆಯುತ್ತದೆ,” ಎಂದಳು ಪೆರಿನ್ ಬುತಿಯೆ,
ನಾರು ಎಳೆಯುತ್ತ.
“ಬಗ್ಗಿ ದುಡಿಯುವವರಿಗೆ ಮೊದಲನೆಯದು ಅರ್ಧ ಕೇಳುತ್ತದೆ,
ಎಣಿಕೆ ತಪ್ಪುತ್ತದೆ. ಎರಡು ನಿಮಿಷ ಬಿಟ್ಟು
ಅದೇ ಹೊತ್ತು ಇನ್ನೊಮ್ಮೆ.
ಪಟ್ಟಣದಿಂದ ಬಂದು ಮನೆ ಕೊಂಡವರು
ನಿದ್ದೆ ಕೆಡುತ್ತದೆ ಅಂತ ಅರ್ಜಿ ಕೊಟ್ಟರು.
ಆಗುವುದಿಲ್ಲ ಅಂದೆವು.
ಅದನ್ನೂ ಎರಡು ಸಲ.”

ಎಂಟು. ಒಂಬತ್ತು.
ಹೆಲ್ಮೆಟ್ಟು ತೆಗೆದೆ. ಹುಬ್ಬಿನ ಬೆವರು ಕಲ್ಲಿಗೆ ಬಿತ್ತು.
ನೀರಿನೊಳಗೆ ಮಾಡಿನ ತೊಲೆ ಅಲುಗಿ ನೆಟ್ಟಗಾಯಿತು.
ಹತ್ತು.
ಬ್ರೆಡ್ಡು ಮುರಿದು ಅವನತ್ತ ಚಾಚಿದೆ,
ದೊಡ್ಡ ತುಂಡು ನಾನೇ ಇಟ್ಟುಕೊಂಡು.
“ಪಂಪು ಮರೆತದ್ದು ನಾನು.”
ಹನ್ನೊಂದು ಸರಿಯಾಗಿ ಆ ಮಾತಿನ ಮೇಲೇ ಬಿತ್ತು.

“ಏನಂದೆ?” ಅಂದ ಆನ್ಸೆಲ್ಮ್.

ಪೆರಿನ್ ಬೀನ್ಸು ಸೋಸುವುದನ್ನು ನಿಲ್ಲಿಸಿದಳು.