ಲಸಿಕೆಯ ಚೀಟಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ನಮ್ಮದು ಕೊನೆಯದು. ಅದರ ಹಿಂದೆ,
ಹೊಟ್ಟು ಸುಟ್ಟ ಬೂದಿ ಸುರಿಯುವ ಕಡೆ
ಜೊಳ್ಳ ಮಲಗುತ್ತಿದ್ದ.
ಹನ್ನೊಂದು ವರ್ಷ.
ಮರಿಯಿದ್ದಾಗ ಭತ್ತ ನೆನೆಹಾಕಿದ ತೊಟ್ಟಿಗೆ ಬಿದ್ದು
ಮುಳುಗದೆ ತೇಲಿದ್ದ, ಅಷ್ಟು ಹಗುರ.
ತೇಲುವುದಕ್ಕೆ ನಮ್ಮಲ್ಲಿ ಇರುವುದು ಅದೊಂದೇ ಹೆಸರು.

ಅವನು ಹೋದ ಮಾಗಿಯಲ್ಲಿ
ಬೂದಿಯ ಮೇಲೆ ಅವನ ಮೈಯಳತೆಯ ತಗ್ಗು ಉಳಿದಿತ್ತು,
ಬಾಲದ ಕಡೆ ಸ್ವಲ್ಪ ಸೊಟ್ಟ.
ನಾಲ್ಕು ದಿನ ಬೂದಿಪುಟ್ಟಿ ಹೊತ್ತು
ಗೋಡೆ ಸುತ್ತಿ ಆಚೆ ಸುರಿದು ಬಂದೆ.
ಐದನೆಯ ದಿನ ಬುಡನ್ ಸಾಬರ ಮೊಮ್ಮಗ
ಗೊತ್ತಿಲ್ಲದೆ ಅಲ್ಲೇ ಸುರಿದ.
ಬೈದೆ. ಯಾಕೆ ಬೈದೆನೆಂದು
ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಸಾಬರು ಬೀಡಿ ಆರಿಸಿ
"ಇವತ್ತು ಜರಡಿ ಬ್ಯಾಡ, ಮನಿಗೆ ನಡಿ ತಿಪ್ಪಕ್ಕ" ಅಂದರು.
ಮನೆಗೆ ಹೋಗಿ ಏನು ಮಾಡಲಿ?
ಜರಡಿ ಹಿಡಿದೆ.
ಮರಳು ಕೆಳಗೆ, ಮಂಡಕ್ಕಿ ಮೇಲೆ.
ಕೆಲವು ದಿನ ಕೈ ಆಡುತ್ತದೆ, ಮೈ ಬೇರೆಲ್ಲೋ ಇರುತ್ತದೆ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ
ನರ್ಸಿಂಗ್ ಓದುವ ತನುಜಾ, ನಮ್ಮ ಓಣಿಯವಳೇ,
ಗೋಣಿಚೀಲದಲ್ಲಿ ಸುತ್ತಿ ತಂದಳು ಇದನ್ನು.
ಹಳೇ ಬಸ್‌ಸ್ಟ್ಯಾಂಡ್ ಹಿಂದಿನ ಚರಂಡಿಯಲ್ಲಿತ್ತಂತೆ,
ಕೊರಳಿಗೆ ಯಾರೋ ಕಟ್ಟಿದ ವೈರು ಚರ್ಮದೊಳಗೇ ಇಳಿದು.
ಒಂದು ಕಿವಿಯ ತುದಿಯಲ್ಲಿ ಕಚ್ಚು,
ಕಂಡಕ್ಟರ್ ಹರಿದು ಕೊಟ್ಟ ಟಿಕೇಟಿನ ಹಾಗೆ.
"ಎಂಟು ದಿನ ಇಟ್ಕಳ್ರಿ, ಆಮ್ಯಾಲೆ ಬ್ಯಾರೆ ಮನಿ ನೋಡ್ತೀನಿ."
"ನನ್ನ ಕೈಲಿ ಆಗಲ್ಲ" ಅಂದೆ.
ಅನ್ನುತ್ತಲೇ ಬಾಗಿಲು ಪೂರ್ತಿ ತೆಗೆದಿದ್ದೆ.

ಜೊಳ್ಳನ ತಟ್ಟೆ ಕೊಡಲಿಲ್ಲ.
ಅದು ನಾಗಂದಿಗೆಯ ಮೇಲೆ ಬೋರಲಾಗಿತ್ತು, ಇರಲಿ ಅಂತ.
ಇದಕ್ಕೆ ಅಂಚು ಹೋದ ಬೋಗುಣಿ.
ಮಂಡಕ್ಕಿ ಹಾಕಿದರೆ ಮೂಸಿ ತಿರುಗಿತು.
(ಅವನು ಒಗ್ಗರಣೆಯ ಮೆಣಸಿನಕಾಯಿ ಬಿಟ್ಟು
ತಳ ನೆಕ್ಕುತ್ತಿದ್ದ.)
ಜರಡಿ ಎತ್ತಿದರೆ ಮಂಚದ ಕೆಳಗೆ.
ಪೊರಕೆಗೆ, ಕೊಡದ ಸದ್ದಿಗೆ, ನನ್ನ ಕೆಮ್ಮಿಗೂ.
ಒಂದು ಬೆಳಗಿನ ಜಾವ ನಿದ್ದೆಗಣ್ಣಲ್ಲಿ
"ಜೊಳ್ಳಾ" ಎಂದು ಕರೆದುಬಿಟ್ಟೆ.
ಬರಲಿಲ್ಲ. ಕಿವಿಯೂ ನಿಮಿರಲಿಲ್ಲ.
ಸಮಾಧಾನವಾಯಿತು ನನಗೆ,
ಒಬ್ಬರ ಹೆಸರನ್ನು ಇನ್ನೊಬ್ಬರು ಉಟ್ಟುಕೊಂಡು ಬರಲಿಲ್ಲವೆಂದು.

ಎಂಟು ದಿನ ಆಯಿತು. ಇಪ್ಪತ್ತಾಯಿತು.
ತನುಜಾ ಬಾಗಿಲವರೆಗೆ ಬಂದು
ಕೇಳದೆ ವಾಪಸು ಹೋದಳು.

ದನದ ಆಸ್ಪತ್ರೆಗೆ ಹೊರಟಾಗ
ಕಾಗದ ಯಾಕೆ ದಂಡ ಅಂತ ಹಳೇ ಚೀಟಿಯನ್ನೇ ಒಯ್ದಿದ್ದೆ.
ಅರ್ಧ ಖಾನೆ ಖಾಲಿ ಇದ್ದವು.
'ಮುಂದಿನ ಸೂಜಿ ಮಾರ್ಚಿ' ಎಂದು ಬರೆದದ್ದು
ಯಾವ ಮಾರ್ಚಿಗೂ ತಲುಪದೆ ನಿಂತಿತ್ತು.
ಕೊಟ್ರಪ್ಪ ಕನ್ನಡಕದ ಮೇಲಿಂದ ನೋಡಿದ.
"ಇದು ಅದರ ಚೀಟಿ. ಈ ಹೆಣ್ಣುನಾಯಿ ಹೆಸರೇನು?"
ಒಳಗೇ ಏನೋ ಅಂದೆ. ಇಲ್ಲ, ಅನ್ನಲಿಲ್ಲವೇನೋ.
ಹೊರಗೆ ಎಮ್ಮೆಯೊಂದು ಅರಚುತ್ತಿತ್ತು.
"ಗಟ್ಟಿ ಹೇಳ್ರೀ, ಗಟ್ಟಿ!"
"ಗಟ್ಟಿ" ಅಂದೆ.
ಅವನು ಬರೆದುಕೊಂಡ.

ತೇಲಿದ್ದು ಜೊಳ್ಳು, ತಳಕ್ಕೆ ಕೂತದ್ದು ಗಟ್ಟಿ;
ಭತ್ತ ತೊಳೆದವರಿಗೆ ನಗು ಬರಬೇಕು.
ನನಗೂ ಬಂತು, ಹತ್ತು ತಿಂಗಳ ಮೇಲೆ, ಸೆರಗಿನೊಳಗೆ.
ಅಷ್ಟರಲ್ಲಿ ಅವನ ಪೆನ್ನು
ಮೇಲಿನ ಹೆಸರಿಗೆ ಗೀಟು ಎಳೆಯಲು ಹೊರಟಿತ್ತು.
"ಹೊಡಿಬ್ಯಾಡಪ್ಪ, ಕೆಳಗೆ ಜಾಗ ಐತಿ" ಅಂದೆ.

ರಾತ್ರಿ ಎರಡಕ್ಕೆ ಭಟ್ಟಿ ಹೊತ್ತಿಸಲು ನಡೆದರೆ
ಎಂಟು ಹೆಜ್ಜೆ ದೂರ ಬಿಟ್ಟು ಹಿಂದೆಯೇ ಬಂತು.
ಬೂದಿಗುಡ್ಡೆ ಮೂಸಿ ಮೂರು ಸಲ ಸೀನಿತು.
ಸೇರಲಿಲ್ಲ ಅದಕ್ಕೆ ಆ ಜಾಗ.
ತಿರುಗಿ ಬಂದು ನಾನು ಕೂರುವ ಚೀಲದ ಅಂಚಿಗೆ,
ಜರಡಿಯಿಂದ ಒಂದು ಮೊಳ ಈಚೆ,
ಕಚ್ಚಿನ ಕಿವಿ ಮೇಲೆ ಮಾಡಿ ಮಲಗಿತು.
ಮರಳು ಕಾದಿತ್ತು.
ಸದ್ದಾಗದ ಹಾಗೆ ಜರಡಿ ಆಡಿಸಲು ನೋಡಿದೆ.
ಆಗುವ ಕೆಲಸವಲ್ಲ.
ಅವಳು ಎದ್ದು ಹೋಗಲಿಲ್ಲ.