ಅಸ್ತರಿನೊಳಗೆ ಒಂದು ಕಿವಿ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಕೋಳಿ ಅಂಗಡಿಗೂ ಮೊಬೈಲ್ ಅಂಗಡಿಗೂ ನಡುವೆ
ನಾಲ್ಕಡಿ ಅಗಲದಲ್ಲಿ ಕೂರುತ್ತೇನೆ.
ಜಿಪ್ಪು, ಬಕಲು, ಹರಿದ ಪಟ್ಟಿ, ಕೊಡೆಯ ಕಡ್ಡಿ.
ಆ ಕಡೆ ಮೈಸೂರು, ಈ ಕಡೆ ತಲಶ್ಶೇರಿ,
ಅಲ್ಲಿಗೆ ಮುಗಿಯಿತು ನನ್ನ ಪ್ರಪಂಚ.

ಚೋಂದಮ್ಮ ಟೀಚರು ಹಾಗಲ್ಲ.
ಹೆಣ್ಣುಮಕ್ಕಳಿಗೆ ಹಾಕಿ ಕಲಿಸುತ್ತಿದ್ದವರು
ರಿಟೈರಾದ ಮರುವಾರವೇ ಬೆನ್ನಿಗೆ ಬ್ಯಾಗು ಕೊಂಡರು,
ಹಸಿರು, ಐವತ್ತು ಲೀಟರಿನದು.
“ಬ್ಯಾಗಿಗೂ ಲೀಟರಿನ ಲೆಕ್ಕವೇ ಟೀಚರೆ?”
“ಎಮ್ಮೆಗಿಲ್ಲವೇ ಮೊಯ್ದು?”

ಮೊದಲ ಸಲ ಸಿಲೋನಿಗೆ.
ತಳ ಬಿಚ್ಚಿದರೆ, ಯಾವ ಬುದ್ಧನಿಗೋ ಇಡಲು ಕೊಂಡು
ಇಡುವುದು ಮರೆತ ನೈದಿಲೆ,
ನೀಲಿ ಹೋಗಿ ಬೀಡಿಯ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ಕಾಂಬೋಡಿಯಾ.
ಹೊಲಿಗೆಯ ಸಂದಿಯಲ್ಲೆಲ್ಲ ಕೆಂಪು ಧೂಳು,
ಕುಟ್ಟದ ರಸ್ತೆಯದೇ ಅಂದುಕೊಂಡೆ.
ಅಲ್ಲಿ ಮರದ ಬೇರು ಗುಡಿಯನ್ನು
ಅಪ್ಪಿಕೊಂಡು ನಿಂತಿದೆಯಂತೆ.
ಕಿತ್ತರೆ ಗುಡಿ ಬೀಳುತ್ತದೆ,
ಬಿಟ್ಟರೂ ಒಂದು ದಿನ ಬೀಳುತ್ತದೆ.
ಅದು ನನಗೆ ಕೂಡಲೆ ಅರ್ಥವಾಯಿತು:
ಹಳೆ ಬಟ್ಟೆಗೆ ಹೊಸ ದಾರದ ಸಂಗತಿ.

ಮೂರನೆಯದು ಬೋರ್ನಿಯೋ.
ಪಕ್ಕದ ಜೇಬಿನಲ್ಲಿ ಒಣಗಿದ ಜಿಗಣೆ.
“ಇದನ್ನು ತರಲು ಅಷ್ಟು ದೂರ ಹೋಗಬೇಕಿತ್ತೇ?”
ಅವರು ನಗಲಿಲ್ಲ.
ಹನ್ನೊಂದು ದಿನ ಕಾದರಂತೆ.
ಕಂಡದ್ದು ಒರಾಂಗುಟಾನಿನ ಬೆನ್ನು ಮಾತ್ರ.
ಮಳೆಗೆ ಒಂದು ದೊಡ್ಡೆಲೆ ತಲೆಗೆ ಹಿಡಿದು ಕೂತಿತ್ತು
ಕೊನೆಯ ಬಸ್ಸಿಗೆ ಕಾಯುವ ಮುದುಕನ ಹಾಗೆ.

ಆನೆ ನೋಡಲು ಸುಮಾತ್ರಕ್ಕೂ ಹೋದರು, ದುಡ್ಡು ಕೊಟ್ಟು.
ಅದೇ ವಾರ ಇಲ್ಲಿ ಅವರ ಹಲಸಿನಮರಕ್ಕೆ
ಒಂಟಿ ಸಲಗ ಬಂದು
ಪಂಪ್‌ಹೌಸಿನ ಗೋಡೆ ಕೆಡವಿತ್ತು.
ಊರೆಲ್ಲ ನಕ್ಕಿತು. ನಾನೂ.

ಈ ಸಲ ಪಟ್ಟಿ ಪೂರಾ ಕಿತ್ತು ಬಂದಿತ್ತು.
ಅಸ್ತರು ಕತ್ತರಿಸಿದೆ.
ಬೆರಳಿಗೆ ಗಟ್ಟಿಯಾಗಿ ಏನೋ ತಗುಲಿತು:
ಸುಟ್ಟ ಮಣ್ಣಿನ ಚೂರು, ಹುಣಸೆಬೀಜದಷ್ಟು ಅಗಲ,
ಮಡಿಸಿದಂತೆ, ತುದಿ ಚೂಪಾಗಿ.
ಕಿವಿ.
ನಾಯಿಯದು.

ನಮ್ಮ ಮನೆಯೊಳಗೆ ನಾಯಿ ಬರುವಂತಿಲ್ಲ,
ಕಿವಿಯ ಬಗ್ಗೆ ಉಸ್ತಾದರು ಏನೂ ಹೇಳಿರಲಿಲ್ಲ.
ಡಬ್ಬಿಯಲ್ಲಿ ಗುಂಡಿಗಳ ಜೊತೆ ಇಟ್ಟೆ.

“ದೇವರಕಾಡಿನದು,” ಅಂದರು ಟೀಚರು ಮರುದಿನ.
“ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ನಾಯಿ.
ನನಗೆ ಆಗ ಎಂಟು. ಮುದ್ದು ಮಾಡಲು ಹೋದೆ,
ಕಿವಿ ಕೈಗೇ ಬಂತು.
ಅಜ್ಜಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.
ರಾತ್ರಿ ದೇವರು ಬೇಟೆಗೆ ಹೊರಟಾಗ
ಸದ್ದು ಎಡದಿಂದಲೋ ಬಲದಿಂದಲೋ
ಪಾಪ ಅದಕ್ಕೆ ಗೊತ್ತಾಗುವುದು ಹೇಗೆ?”

“ಹೋಗಿ ಅಂಟಿಸಿ ಬರಬಹುದಲ್ಲ?”

“ಹೋಗಿದ್ದೆ. ನೂರಾರು ನಾಯಿಗಳಿವೆ ಮೊಯ್ದು,
ಪಾಚಿ ಹಿಡಿದು, ಒಂದರ ಮೇಲೊಂದು ಬಿದ್ದು.
ಅರ್ಧಕ್ಕರ್ಧ ಕಿವಿಯಿಲ್ಲ.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
ಪಕ್ಕದಲ್ಲಿ ಕೋಳಿ ಕತ್ತರಿಸುತ್ತಿದ್ದರು.

“ಅದರ ಇನ್ನೊಂದು ಕಿವಿ ಇಲ್ಲಿಯ ಕಾಡು ಕೇಳುತ್ತಿರುತ್ತದೆ.
ಈ ಕಿವಿಗೆ ಬೇರೆ ಕಾಡುಗಳನ್ನಾದರೂ
ಕೇಳಿಸಿಕೊಂಡು ಬರೋಣ ಅಂತ.”

ಮುಂದೆ ಎಲ್ಲಿಗೆ ಅಂದೆ. ಮಡಗಾಸ್ಕರ್.
ಎಲ್ಲಿದೆ ಅದು ಅಂದೆ.
ನನ್ನ ಸೀಮೆಸುಣ್ಣ ಎತ್ತಿಕೊಂಡು
ಹಲಗೆಯ ಮೇಲೆ ಆಫ್ರಿಕಾ ಬರೆದರು,
ಪಕ್ಕಕ್ಕೆ ಚಪ್ಪಲಿಯ ಅಚ್ಚಿನಂಥ ದ್ವೀಪ,
ಮಧ್ಯೆ ಏನೂ ಬರೆಯದೆ ಸಮುದ್ರ,
ಈಚೆಗೆ ನಮ್ಮ ಕರಾವಳಿ,
ಅದರ ಅಂಚಿಗೆ ಒಂದು ಚುಕ್ಕೆ.
“ಇದು ನೀನು ಕೂತ ಜಾಗ.”

ಕಿವಿಗೆ ಬೇರೆ ಜೇಬು ಹೊಲಿದೆ, ಎರಡೆಳೆ ದಾರ ಹಾಕಿ.
ಜಿಪ್ಪು ಇಡಲೇ ಅಂದರೆ ಬೇಡ ಅಂದರು,
ಕೇಳಿಸಬೇಕಲ್ಲ.
ಹಳೆ ಸೊಳ್ಳೆಪರದೆಯ ತುಂಡು ಸಾಕಾಯಿತು.

ಮಜೂರಿ ನಲವತ್ತು. ಐವತ್ತರ ನೋಟು ಕೊಟ್ಟು
ಮಾಕುಟ್ಟದ ಬಸ್ಸಿಗೆ ಓಡಿದರು.
ಹತ್ತು ರೂಪಾಯಿ ಗುಂಡಿಯ ಡಬ್ಬಿಯಲ್ಲಿದೆ.

ಹಲಗೆ ಒರೆಸಿಲ್ಲ.
ಬಟ್ಟೆಯನ್ನು ಸಮುದ್ರದ ಮೇಲೆ ಹಾಸಿ ಕತ್ತರಿಸುತ್ತೇನೆ.
ರಾತ್ರಿ ಶಟರ್ ಎಳೆಯುವ ಮುಂಚೆ
ಮಡಗಾಸ್ಕರಿನ ಮೇಲೆ ದಾರದುಂಡೆ ಇಡುತ್ತೇನೆ,
ಗಾಳಿಗೆ ಅಳಿಸಿಹೋಗದಿರಲಿ ಅಂತ.